ರುಖವತದ ಮೇಜಿನ ಮೇಲೆ ನಮ್ಮ ಗೂಡ್ಸ್ ಡಬ್ಬಿಗಳು

ಬ್ಯಾಡಗಿಯ ನಮ್ಮ ಮನೆಯಲ್ಲಿ ಯಾರು ಸೀನಿದರೂ ತಿರುಗಿ ನೋಡುವವರಿರಲಿಲ್ಲ. ಬೇರೆ ಮನೆಗಳಲ್ಲಿ ಹೊರಗೆ ಹೊರಟವರು ಒಂದು ಸೀನು ಕೇಳಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಗುಟುಕು ನೀರು ಕುಡಿದು, ಆಮೇಲೆ ಹೋಗುತ್ತಿದ್ದರು. ನಾವು ಆ ಶಾಸ್ತ್ರ ಪಾಲಿಸಲು ಹೋಗಿದ್ದರೆ ಸುಗ್ಗಿ ಮುಗಿಯುವ ತನಕ ಹೊಸ್ತಿಲು ದಾಟುವುದೇ ಆಗುತ್ತಿರಲಿಲ್ಲ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಅವನ ಅಂಗಿಯ ಜೊತೆ, ಟೋಪಿಯ ಜೊತೆ, ಬುತ್ತಿಯ ಗಂಟಿನ ಜೊತೆ ಖಾರದ ಧೂಳು ಮನೆಗೆ ಬರುತ್ತಿತ್ತು. ಸಾಲದ್ದಕ್ಕೆ ಅವ್ವ ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಹಿಡಿದಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಕಾಯಿಯ ಕೆಂಪು ಗುಡ್ಡೆ, ಇನ್ನೊಂದು ಕಡೆ ತೊಟ್ಟಿನ ಸಣ್ಣ ಗುಡ್ಡೆ. ಅದನ್ನು ಮುಟ್ಟಿದ ಕೈಯಲ್ಲೇ ಕಣ್ಣು ತಿಕ್ಕಿಕೊಂಡು ನಾನು ಅತ್ತದ್ದು ಎಷ್ಟು ಸಲವೋ. ಊಟಕ್ಕೆ ಕೂತಾಗ ಕಡಲೆಹಿಟ್ಟಿನ ಜುಣಕಕ್ಕೆ ಖಾರ ಕಡಿಮೆಯಾಯಿತೆಂದು ಅಪ್ಪ ತಕರಾರು ತೆಗೆದರೆ ಅವ್ವ ತಿರುಗಿ ಉತ್ತರ ಕೊಡುತ್ತಿದ್ದಳು.

‘ಅಂಗಿ ಝಾಡಿಸ್ಕೋರಿ, ಬೀಳ್ತೈತಿ.’

ಜಗಳವೆಂದರೆ ಇಷ್ಟೇ ಇರುತ್ತಿತ್ತು. ಅದು ಒಳ್ಳೆಯ ಮನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ಬೇರೆಯೇ ತಿಳಿದುಕೊಳ್ಳುವ ಸಂಭವವಿದೆ.

ನಾವು ಇಬ್ಬರು ಹೆಣ್ಣುಮಕ್ಕಳು. ಗಿರಿಜಕ್ಕ ನನಗಿಂತ ಬಹಳ ದೊಡ್ಡವಳು, ಆಗಲೇ ಮದುವೆಯ ವಯಸ್ಸಿಗೆ ಬಂದವಳು. ಅವಳ ಜಾಗ ನಡುಮನೆ. ಕನ್ನಡಿ, ರೇಡಿಯೋ, ಹಾಸಿಗೆಯ ಸುರುಳಿ ಇದ್ದ ಕಡೆ. ನನ್ನ ಜಾಗ ಹಿತ್ತಲು. ಅಲ್ಲಿ ಬಚ್ಚಲ ಗೋಡೆಗೆ ಆನಿಸಿ ಒಂದು ತಗಡಿನ ಮಾಡು ಇತ್ತು. ಅದರ ಕೆಳಗೆ ಒಲೆಯ ಕಟ್ಟಿಗೆ, ಹರಿದ ಗೋಣಿಚೀಲ, ಗಾಲಿ ಬಿಚ್ಚಿದ ಒಂದು ಸೈಕಲ್ಲು, ಕುಂಟುವ ಒಂದು ಮಣೆ. ಪೇಟೆ ನಡೆಯದ ದಿನ ಅಪ್ಪ ಊಟ ಮುಗಿಸಿ, ಮಲಗದೆ, ಅಂಗಿ ಬಿಚ್ಚಿ ಬನಿಯನ್ನಿನಲ್ಲೇ ಅಲ್ಲಿಗೆ ಬರುತ್ತಿದ್ದ. ಮನೆಯ ಉಳಿದವರಿಗೆ ಅವನು ಮಾತು ಕಡಿಮೆಯ ಮನುಷ್ಯ. ಆ ತಗಡಿನ ಕೆಳಗೆ ಮಾತ್ರ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು, ಮತ್ತು ಕೇಳಲು ಅಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಅಪ್ಪನಿಗೆ ನಾನೆಂದರೆ ಅಕ್ಕನಿಗಿಂತ ಒಂದು ಹಿಡಿ ಹೆಚ್ಚು ಎಂದು ನಾನು ನಂಬಿಕೊಂಡದ್ದು ಆ ಮಧ್ಯಾಹ್ನಗಳಿಂದಲೇ.

ಆ ಕಾಲಕ್ಕೆ ಮೆಣಸಿನಕಾಯಿಯ ಚೀಲಗಳು ದೂರದ ಊರುಗಳಿಗೆ ಗೂಡ್ಸ್ ಗಾಡಿಯಲ್ಲೂ ಹೋಗುತ್ತಿದ್ದವು. ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಹೋಗಿ, ಚೀಲ ಏರಿಸಿ, ಡಬ್ಬಿಯ ಬಾಗಿಲು ಮುಚ್ಚಿಸಿ, ಸೀಲು ಬೀಳುವ ತನಕ ನಿಂತು ಬರುವುದು ಅಪ್ಪನ ಕೆಲಸ. ಕಾಯುವ ಕೆಲಸವೇ ಹೆಚ್ಚು. ಕಾಯುತ್ತ ಕಾಯುತ್ತ ಅವನು ಆ ಡಬ್ಬಿಗಳನ್ನು ನೋಡಿ ನೋಡಿ ಬಾಯಿಪಾಠ ಮಾಡಿದ್ದ. ಒಂದು ದಿನ ಅಂಗಡಿಯ ಸಾಹುಕಾರರ ಮೊಮ್ಮಗನ ಆಟಿಕೆ ರೈಲಿನ ಎಂಜಿನ್ನು ಕೆಟ್ಟಿತು. ಎಂಜಿನ್ನನ್ನು ಎಸೆದರು, ಅದರ ಹಿಂದಿನ ನಾಲ್ಕು ಗೂಡ್ಸ್ ಡಬ್ಬಿಗಳನ್ನು ‘ನಿನ್ನ ಹುಡುಗಿಗೆ ಕೊಡು’ ಎಂದು ಅಪ್ಪನ ಕೈಗಿಟ್ಟರು. ಪರದೇಶದ ಪ್ಲಾಸ್ಟಿಕ್ ಡಬ್ಬಿಗಳು. ಗಾಲಿ ಚೆನ್ನಾಗಿ ತಿರುಗುತ್ತಿದ್ದವು, ಆದರೆ ಮೈಯೆಲ್ಲ ಬೋಳು. ಬಾಗಿಲು ಎಂದರೆ ಎರಡು ಗೆರೆ, ಅಷ್ಟೆ.

‘ಎಂಜಿನ್ ಇಲ್ಲದ ಗಾಡಿ ತಗೊಂಡು ಏನ ಮಾಡ್ತೀರಿ?’ ಎಂದು ಅವ್ವ ನಕ್ಕಳು.

‘ನಮ್ಮ ಶೆಡ್ಡಿನ್ಯಾಗ ಖರೇ ಡಬ್ಬೀನ ಎಂಜಿನ್ ಇಲ್ಲದ ನಿಂತಿರ್ತಾವ. ಇವಕ್ಕೇನು ಅವಸರ?’ ಎಂದ ಅಪ್ಪ. ಆಮೇಲೆ ಒಂದು ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನನ್ನನ್ನು ಕರೆದ. ‘ಪಮ್ಮಿ, ಇಲ್ಲಿ ನೋಡು. ಇದು ನಮ್ಮ ಗಾಡಿ ಅಲ್ಲ. ನಮ್ಮದು ಮಾಡೂಣು ಬಾ.’

ಹೀಗೆ ಶುರುವಾಯಿತು. ಅಂಗಡಿಯಲ್ಲಿ ಸಿಗುವ ಸಾಮಾನು ಯಾವುದೂ ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೊಳ್ಳುವವರಾಗಿರಲಿಲ್ಲ. ಮನೆಯಲ್ಲಿ ಇದ್ದದ್ದರಲ್ಲೇ ಎಲ್ಲ. ಡಬ್ಬಿ ಹತ್ತುವವರು ಹಿಡಿಯುವ ಕಬ್ಬಿಣದ ಹಿಡಿಗಳಿಗೆ ಅಪ್ಪನ ಅಂಗಡಿಯ ಸ್ಟೇಪ್ಲರ್ ಪಿನ್ನುಗಳು ಅಳತೆ ಕೊಟ್ಟು ಮಾಡಿಸಿದ ಹಾಗಿದ್ದವು. ಬಾಗಿಲನ್ನು ಬ್ಲೇಡಿನಿಂದ ಕತ್ತರಿಸಿ, ಸರಿಯುವ ಹಾಗೆ ಮಾಡಿ, ಅದಕ್ಕೆ ಅವ್ವನ ಹಳೆಯ ಕುಪ್ಪಸದ ಹುಕ್ಕು ಕೂಡಿಸಿ ಕೊಂಡಿ ಮಾಡಿದೆವು. ಅದು ಖರೇನೇ ಬೀಳುತ್ತಿತ್ತು, ಏಳುತ್ತಿತ್ತು. ಗಾಲಿಯ ಮೇಲೆ ಟಾಂಗಾಕ್ಕೆ ಇರುವಂಥ ಪಟ್ಟಿಯ ಸ್ಪ್ರಿಂಗು ಬೇಕಿತ್ತು. ಹಳೆಯ ಪೋಸ್ಟ್ ಕಾರ್ಡನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಉದ್ದದ್ದರ ಕೆಳಗೆ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು ಅಂಟಿಸಿ, ಒಣಗುವ ಮೊದಲು ಬೆರಳಿಗೆ ಸುತ್ತಿ ಬಾಗಿಸುತ್ತಿದ್ದೆವು. ಸಿಗರೇಟಿನ ಬೆಳ್ಳಿ ಕಾಗದವನ್ನು ಗೋಣಿಯ ಮೇಲೆ ಹಾಸಿ ಕಂಪಾಸಿನ ಮೊನೆಯಿಂದ ಹಿಂದಿನಿಂದ ಚುಚ್ಚದಂತೆ ಒತ್ತಿದರೆ ಮುಂದೆ ರಿವೆಟ್ಟಿನ ಸಾಲು ಏಳುತ್ತಿತ್ತು. ಅಂಟು ನಮ್ಮದೇ, ಜಾಲಿಯ ಗಿಡದ್ದು. ಪ್ಲಾಸ್ಟಿಕ್ಕಿಗೆ ಅದು ಹಿಡಿಯುತ್ತಿರಲಿಲ್ಲ. ಬ್ಲೇಡಿನಿಂದ ಮೈ ಕೆರೆದು ಒರಟು ಮಾಡಿ ಹಚ್ಚಬೇಕೆಂದು ತಿಳಿಯುವ ಹೊತ್ತಿಗೆ ಒಂದು ಡಬ್ಬಿಯ ಸಾಮಾನೆಲ್ಲ ಪೂರ್ತಿ ಕಳಚಿ ಬಿದ್ದಿತ್ತು. ಮೈಗೆ ಇಟ್ಟಂಗಿ ಪುಡಿಯ ಬಣ್ಣ. ಮೊದಲು ಖಾರದ ಪುಡಿ ಕಲಸಿ ನೋಡಿದ್ದೆವು. ಬಣ್ಣವೇನೋ ಚಲೋ ಬಂತು, ಆದರೆ ಕೈಗೆತ್ತಿಕೊಂಡವರೆಲ್ಲ ಸೀನುತ್ತಿದ್ದರು. ಬದಿಯಲ್ಲಿ ಬರೆಯುವ ಬಿಳಿ ಅಕ್ಷರ, ಅಂಕಿಗಳನ್ನು ಸೂಜಿಯ ತುದಿಗೆ ಸುಣ್ಣ ಅದ್ದಿಕೊಂಡು ನಾನೇ ಬರೆದೆ. ಅಪ್ಪನ ಬೆರಳು ದಪ್ಪ, ಸೂಜಿ ಅವುಗಳಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಎಲ್ಲ ಆದಮೇಲೂ ಡಬ್ಬಿಯ ಎರಡು ತುದಿಗಳಲ್ಲಿ ಏನೋ ಕಡಿಮೆ ಇತ್ತು. ಒಂದು ಡಬ್ಬಿಯ ಬ್ರೇಕಿನಿಂದ ಇನ್ನೊಂದಕ್ಕೆ ಹೋಗುವ ರಬ್ಬರಿನ ಪೈಪು, ಕೆಳಗೆ ಬಾಗಿ ಮತ್ತೆ ಮೇಲೆ ಬಂದು ಬಾಯಿ ತೆರೆದಿರುತ್ತದಲ್ಲ, ಅದು. ಸೈಕಲ್ಲಿನ ವಾಲ್ವ್ ಟ್ಯೂಬು ನೋಡಿದೆವು, ಬಾಗಿಸಿದರೆ ನೆಟ್ಟಗಾಗುತ್ತಿತ್ತು. ದಾರಕ್ಕೆ ಅಂಟು ಸವರಿ ನೋಡಿದೆವು, ಸತ್ತ ಹುಳದಂತೆ ಕಾಣುತ್ತಿತ್ತು. ಒಂದು ದಿನ ಪಡಸಾಲೆಯಲ್ಲಿ ಹೆಂಗಸರ ನಡುವೆ ತೊಟ್ಟು ಬಿಡಿಸುತ್ತ ಕೂತಿದ್ದವಳು ಕೈಯಲ್ಲಿದ್ದ ತೊಟ್ಟನ್ನು ನೋಡಿದೆ. ತಾನೇ ಬಾಗಿದೆ, ತುದಿಯಲ್ಲಿ ಬಟ್ಟಲಿನಂಥ ಬಾಯಿ ಇದೆ. ಹಿತ್ತಲಿಗೆ ಓಡಿ ಅದನ್ನು ಡಬ್ಬಿಯ ತುದಿಗೆ ಹಿಡಿದು ತೋರಿಸಿದೆ. ಅಪ್ಪ ಅದನ್ನು ತನ್ನ ಕೈಗೆ ತೆಗೆದುಕೊಂಡು ತಿರುತಿರುಗಿಸಿ ನೋಡಿದ.

‘ನಾ ದಿನಾ ಬೆಳಗಾದ್ರ ತೊಟ್ಟಿನ ಮ್ಯಾಲೆ ಅಡ್ಡಾಡ್ತೇನಿ. ನನಗ ಹೊಳೀಲಿಲ್ಲ ನೋಡು’ ಎಂದ ಕೊನೆಗೆ. ‘ಈ ಕೆಲಸ ನಿಂದು, ಪಮ್ಮಿ. ಇದಕ್ಕ ನಾ ಕೈ ಹಚ್ಚಂಗಿಲ್ಲ.’

ಹಚ್ಚಲೂ ಇಲ್ಲ. ಒಳ್ಳೆಯ ಬಾಗಿನ ತೊಟ್ಟು ಆರಿಸಿ, ಮಸಿ ಬಳಿದು, ಎಲ್ಲ ಡಬ್ಬಿಗಳಿಗೆ ನಾನೊಬ್ಬಳೇ ಕೂಡಿಸಿದೆ. ಅಪ್ಪ ಮಣೆಯ ಮೇಲೆ ಕೂತು ಬೀಡಿ ಸೇದುತ್ತ ನೋಡಿದ. ನನ್ನ ಬಾಳಿನಲ್ಲಿ ಆಮೇಲೆ ಬಂದ ಹೊಗಳಿಕೆಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ಆ ಸುಮ್ಮನೆ ನೋಡುತ್ತ ಕೂತದ್ದಕ್ಕೆ ಸಮ ತೂಗುವುದಿಲ್ಲ.

ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ರಾಣೆಬೆನ್ನೂರಿನವನು, ಬಟ್ಟೆಯ ಅಂಗಡಿ ಇದ್ದವನು. ಅವನ ತಂದೆ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ತಾಯಿ ಬಲು ಜೋರು. ಹೆಣ್ಣು ನೋಡಲು ಬಂದ ದಿನ ಅಕ್ಕನ ಮುಖಕ್ಕಿಂತ ಹೆಚ್ಚಾಗಿ ಅಕ್ಕನ ಕೈ ನೋಡಿದರು. ‘ರುಖವತ ಹೆಂಗ ಮಾಡ್ತಾಳ ನೋಡೂಣು’ ಎಂದು ಎದ್ದು ಹೋದರು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಈ ಪದ್ಧತಿ ಇದೆ. ಮದುಮಗಳು ತನ್ನ ಕೈಯಾರೆ ಮಾಡಿದ ಕಸೂತಿ, ಮಣಿಯ ಗಿಳಿ, ಕುಸುರೆಳ್ಳಿನ ಒಡವೆ, ಬಣ್ಣಬಣ್ಣದ ಉಂಡೆಗಳನ್ನು ಮದುವೆಯ ದಿನ ಮೇಜಿನ ಮೇಲೆ ಜೋಡಿಸಿ ಇಡಬೇಕು. ಗಂಡಿನ ಕಡೆಯವರು ಬಂದು ನೋಡಿ, ಹೊಗಳಿ, ಆಡಿಕೊಂಡು, ಎಲ್ಲವನ್ನೂ ಮದುಮಗಳ ಜೊತೆ ಕಟ್ಟಿಕೊಂಡು ಹೋಗುತ್ತಾರೆ. ಗಿರಿಜಕ್ಕನಿಗೆ ರೇಡಿಯೋದ ಹಾಡೆಲ್ಲ ಬರುತ್ತಿತ್ತು, ಸೂಜಿಗೆ ದಾರ ಏರಿಸಲು ಬರುತ್ತಿರಲಿಲ್ಲ. ಅವಳ ಗಿಳಿ ಕೋಳಿಯಂತೆ ಕಾಣುತ್ತಿತ್ತು. ನೋಡಿ ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಅವ್ವ ಮಾತ್ರ ನಗಲಿಲ್ಲ.

ಮದುವೆ ಕದರಮಂಡಲಗಿಯಲ್ಲಿ, ಹನುಮಪ್ಪನ ಸನ್ನಿಧಿಯಲ್ಲಿ. ಹಿಂದಿನ ದಿನವೇ ಸಾಮಾನು ಹೇರಿಕೊಂಡು ಹೋಗಿದ್ದೆವು. ಬೆಳಗ್ಗೆ ಹೊಸ ಲಂಗ ಉಟ್ಟುಕೊಂಡು ಮಂಟಪದ ಮೂಲೆಯ ಮೇಜಿನ ಹತ್ತಿರ ಹೋದೆ. ಉಂಡೆಗಳ ಗೋಪುರ, ನಮ್ಮ ಸೋದರತ್ತೆಯ ಮನೆಯಿಂದ ಎರವಲು ತಂದ ಕಸೂತಿ, ಅದರ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಕೆಂಪು ಬಟ್ಟೆ ಹಾಸಿದ ಹಲಗೆಯ ಮೇಲೆ ನಮ್ಮ ನಾಲ್ಕು ಡಬ್ಬಿ. ತಗಡಿನ ಮಾಡಿನ ಕೆಳಗೆ ಗೋಣಿ ಮುಚ್ಚಿ ಇಟ್ಟು ಬಂದದ್ದನ್ನು ಇಲ್ಲಿ ನೋಡಿದ ಕೂಡಲೇ ಮೊದಲು ಖುಷಿಯೇ ಆಯಿತು. ಅಪ್ಪ ನಮ್ಮ ಕೆಲಸವನ್ನು ನಾಲ್ಕು ಮಂದಿಗೆ ತೋರಿಸಲು ತಂದಿದ್ದಾನೆ ಅಂದುಕೊಂಡೆ. ಅಷ್ಟು ದಡ್ಡಿ ನಾನು.

ಬೀಗರು ಬಂದರು. ಆ ಗಾರ್ಡ್ ಮಾವ ಉಂಡೆ, ಕಸೂತಿ ಯಾವುದನ್ನೂ ನೋಡಲಿಲ್ಲ. ನೆಟ್ಟಗೆ ಡಬ್ಬಿಗಳ ಮುಂದೆ ಬಗ್ಗಿ ನಿಂತುಬಿಟ್ಟರು. ಬೆರಳ ತುದಿಯಿಂದ ಬಾಗಿಲ ಕೊಂಡಿ ಎತ್ತಿದರು, ಇಳಿಸಿದರು. ಹೆಂಡತಿಯನ್ನು ಕೂಗಿ ಕರೆದರು.

‘ಅಲಲಾ, ಕೊಂಡಿ ಬೀಳ್ತೈತಿ ನೋಡ ಬಾ ಇಲ್ಲಿ! ನನ್ನ ಗಾಡೀನ ತಂದಿಟ್ಟಾರ!’ ಆಮೇಲೆ ತಲೆ ಬಗ್ಗಿಸಿ ನಿಂತಿದ್ದ ಅಕ್ಕನ ಕಡೆ ತಿರುಗಿದರು. ‘ಎಲ್ಲಾ ನೀನ ಮಾಡೀಯೇನವಾ? ಈ ಪೈಪು ಯಾತರಿಂದ ಮಾಡೀದಿ?’

ಅಕ್ಕ ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡಿದಳು.

‘ದಾರದಿಂದ್ರಿ’ ಎಂದಳು ಅಕ್ಕ.

ಮಾವ ಪೈಪನ್ನು ಮೆಲ್ಲಗೆ ಬಾಗಿಸಲು ಹೋದರು. ಒಣಗಿದ ತೊಟ್ಟು, ಪಟ್ಟನೆ ಮುರಿಯಿತು. ತುಂಡನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಒಂದು ದೊಡ್ಡ ಸೀನು ಸೀನಿದರು. ಮದುವೆಯ ಮನೆಯಲ್ಲಿ ಸೀನು! ಹೆಂಗಸರೆಲ್ಲ ‘ಶಿವ ಶಿವ’ ಅಂದರು. ‘ದಾರ ಎಲ್ಲೈತವಾ? ಇದು ಮೆಣಸಿನಕಾಯಿ ತೊಟ್ಟು’ ಎಂದು ಮಾವ ನಕ್ಕರು. ಸಿಟ್ಟಿನ ನಗೆಯಲ್ಲ, ಮೆಚ್ಚಿಕೆಯದೇ. ನನಗೆ ತಡೆಯಲಾಗಲಿಲ್ಲ. ಮುರಿದದ್ದು ನನ್ನ ಪೈಪು.

‘ಹೌದ್ರಿ, ತೊಟ್ಟು. ನಾ ಹಚ್ಚಿದ್ದು. ನಾನೂ ಅಪ್ಪಾನೂ ಕೂಡಿ ಮಾಡೇವ್ರಿ. ಅಕ್ಕಗ ಗೊತ್ತಿಲ್ಲ.’

ಬೀಗತಿಯ ಮುಖ ಗಂಟಾಯಿತು. ಅಕ್ಕನ ಕಣ್ಣಲ್ಲಿ ನೀರು. ಮಾವ ಮಾತ್ರ ನಗುನಗುತ್ತಲೇ ಅಪ್ಪನನ್ನು ಹುಡುಕಿ ಕೇಳಿದರು.

‘ಏನ್ರಿ ಬೀಗರ, ಸಣ್ಣಾಕಿ ಹಿಂಗ ಅಂತಾಳ?’

ಅಪ್ಪ ನನ್ನ ಹಿಂದೆಯೇ ಇದ್ದ. ನಾನು ತಿರುಗಿ ನೋಡಿದೆ. ನನಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಅವನು ಈಗ ಹೇಳುತ್ತಾನೆ, ಪೈಪಿನ ಮಾತು ಬಂದಾಗ ಹಿತ್ತಲಲ್ಲಿ ಹೇಳಿದಂತೆಯೇ ಹೇಳುತ್ತಾನೆ ಎಂದು ಅವನ ಬಾಯಿಯನ್ನೇ ನೋಡುತ್ತಿದ್ದೆ.

‘ಸಣ್ಣಾಕಿಗೆ ಅಕ್ಕನ ಮ್ಯಾಲೆ ಹೊಟ್ಟಿಕಿಚ್ಚರಿ’ ಎಂದ ಅಪ್ಪ. ‘ಸುಳ್ಳು ಹೇಳೂ ಚಟ ಐತಿ ಇಕಿಗೆ. ಮನಸಿಗೆ ಹಚ್ಕೋಬ್ಯಾಡ್ರಿ. ಎಲ್ಲಾ ಗಿರಿಜೀನ ಮಾಡ್ಯಾಳ್ರಿ. ಮಂದೀ ಮುಂದ ಹೆದರಿ ದಾರ ಅಂದಾಳ.’

ಮಾವ ನನ್ನ ತಲೆ ಸವರಿದರು. ‘ಹಂಗ ಸುಳ್ಳು ಹೇಳಬಾರದವಾ, ಹೆಣ್ಣುಹುಡುಗಿ ನೀ’ ಎಂದು ಒಂದು ಪೇಢೆ ಕೈಗಿಟ್ಟರು. ಸುತ್ತಲಿದ್ದವರೆಲ್ಲ ನಿರಾಳವಾಗಿ ನಕ್ಕರು. ಆ ಪೇಢೆಯನ್ನು ನಾನು ಏನು ಮಾಡಿದೆನೋ ನೆನಪಿಲ್ಲ, ತಿನ್ನಲಿಲ್ಲ. ಡಬ್ಬಿಗಳು ಅವತ್ತು ಸಂಜೆ ಉಂಡೆಗಳ ಜೊತೆ ಬುಟ್ಟಿಯಲ್ಲಿ ಕೂತು ರಾಣೆಬೆನ್ನೂರಿಗೆ ಹೋದವು.

ನೀವು ಹೇಳುವುದು ನನಗೆ ಗೊತ್ತು. ಬಹಳ ಮಂದಿ ಹೇಳಿದ್ದಾರೆ. ಪಾಪ, ಹೆಣ್ಣು ಹೆತ್ತವನು, ಮಂಟಪದಲ್ಲಿ ನಿಂತು ಇನ್ನೇನು ಹೇಳಬೇಕಿತ್ತು? ಅವ್ವನೂ ಮನೆಗೆ ಬಂದ ಮೇಲೆ ಅದನ್ನೇ ಅಂದಳು: ‘ಅಕ್ಕನ ಬಾಳೇವು ದೊಡ್ಡದೋ, ನಿನ್ನ ಡಬ್ಬಿ ದೊಡ್ಡುವೋ?’ ಈ ಪ್ರಶ್ನೆಯನ್ನು ಮದುವೆಯ ಹಿಂದಿನ ದಿನ ಕೇಳಿದ್ದರೆ ನಾನೇ ಡಬ್ಬಿಗಳನ್ನು ಒರೆಸಿ, ಹೊತ್ತು ತಂದು ಮೇಜಿನ ಮೇಲೆ ಇಡುತ್ತಿದ್ದೆ. ದಾರ ಅನ್ನಬೇಡ, ತೊಟ್ಟು ಅನ್ನು ಎಂದು ಅಕ್ಕನಿಗೆ ಹೇಳಿಕೊಡುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿದ್ದೆ. ಯಾರೂ ಕೇಳಲಿಲ್ಲ. ನನ್ನ ಕೆಲಸವನ್ನು ಒಯ್ದದ್ದು ಒಂದು ತೂಕವಾದರೆ, ನನ್ನನ್ನು ಸುಳ್ಳಿ ಎಂದದ್ದು ಅದರ ನೂರು ಪಟ್ಟು. ಸುಮ್ಮನೆ ನಕ್ಕು ‘ಹುಡುಗರ ಮಾತು ಬಿಡ್ರಿ’ ಅಂದಿದ್ದರೂ ಮದುವೆ ನಿಲ್ಲುತ್ತಿರಲಿಲ್ಲ. ಅಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಮತ್ತು ಕ್ಷಮಿಸಿದ್ದೇನೆಂದು ಬರೆಯಲು ನನಗೆ ಬರುವುದಿಲ್ಲ.

ಆಷಾಢಕ್ಕೆ ಅಕ್ಕ ತವರಿಗೆ ಬಂದಳು. ಬರುವಾಗ ಪೈಪು ಮುರಿದ ಡಬ್ಬಿಯನ್ನು ರಿಪೇರಿಗೆಂದು ತಂದಿದ್ದಳು. ಮಾವ ದಿನಾ ಕೇಳುತ್ತಾರಂತೆ: ಸ್ಪ್ರಿಂಗು ಹೇಗೆ ಬಾಗಿಸಿದಿ, ಅಕ್ಷರ ಯಾತರಲ್ಲಿ ಬರೆದಿ. ಗೊತ್ತಿಲ್ಲದ್ದಕ್ಕೆ ಏನೇನೋ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ನನ್ನನ್ನು ಕೇಳುತ್ತಾಳೆಂದು ನಾನು ಕಾದೆ. ಅವಳು ಅಪ್ಪನನ್ನು ಕೇಳಿದಳು. ಆ ತಿಂಗಳು ಪೇಟೆ ಇಲ್ಲದ ಮಧ್ಯಾಹ್ನಗಳಲ್ಲಿ ತಗಡಿನ ಮಾಡಿನ ಕೆಳಗೆ ಅಪ್ಪ ಗಿರಿಜಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪೋಸ್ಟ್ ಕಾರ್ಡು ಕತ್ತರಿಸುವುದು, ಬೆಳ್ಳಿ ಕಾಗದ ಒತ್ತುವುದು, ತೊಟ್ಟು ಆರಿಸುವುದು ಎಲ್ಲವನ್ನೂ ಕಲಿಸಿದ. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಅವ್ವ ಒಳಗಿನಿಂದ ಕರೆಯುತ್ತಿದ್ದಳು.

‘ಪಮ್ಮೀ, ಒಳಗ ಬಾ. ಅವರನ್ನ ಕಾಡಬ್ಯಾಡ.’

ಅಡಿಗೆಮನೆಯಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಅಪ್ಪ ಅಲ್ಲಿ ಮಾತಾಡುತ್ತಿದ್ದ, ನನ್ನ ಕೂಡ ಮಾತಾಡುತ್ತಿದ್ದ ಹಾಗೆಯೇ. ಅಕ್ಕ ಹೋದಮೇಲೆ ಅವನು ಎಲ್ಲಿಂದಲೋ ಒಂದು ರಟ್ಟಿನ ಪೆಟ್ಟಿಗೆ ತಂದು, ‘ಪಮ್ಮಿ, ಇದರಾಗ ಬ್ಯಾರೆ ಡಬ್ಬಿ ಕಡಿಯೂಣೇನು?’ ಎಂದ. ನಾನು ಒಲ್ಲೆ ಅಂದೆ. ಅವನು ಎರಡನೇ ಸಲ ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಅವ್ವ ಈರುಳ್ಳಿ ತುಂಬಿದಳು.

ನಾನು ಮುಂದೆ ಹಾವೇರಿಯಲ್ಲಿ ಶಾಲೆಯೊಂದರ ಚಿತ್ರಕಲಾ ಶಿಕ್ಷಕಿಯಾದೆ. ಮೂಲೆಯಲ್ಲಿ ಹೆಸರು ಬರೆಯದ ಚಿತ್ರವನ್ನು ನಾನು ಕೈಯಿಂದ ಮುಟ್ಟುತ್ತಿರಲಿಲ್ಲ. ಬಣ್ಣ ಹಚ್ಚುವ ಮೊದಲು ಹೆಸರು ಬರೀರಿ ಎಂದು ಚೀರಾಡುತ್ತಿದ್ದ ನನ್ನನ್ನು ಮಕ್ಕಳು ಹಿಂದಿನಿಂದ ‘ಹೆಸರು ಟೀಚರ್’ ಅನ್ನುತ್ತಿದ್ದರು. ಕೈ ಹಿಡಿದ ಯಜಮಾನರು ನನ್ನ ಅಡಿಗೆಯನ್ನು ಅವರ ತಂಗಿಯ ಅಡಿಗೆ ಎಂದು ತಪ್ಪಿ ಹೊಗಳಿದಾಗ ಎರಡು ದಿನ ಮಾತು ಬಿಟ್ಟಿದ್ದೆ. ಮಂದಿ ಇದನ್ನು ಸ್ವಭಾವ ಅನ್ನುತ್ತಾರೆ. ಸ್ವಭಾವವಲ್ಲ, ಕದರಮಂಡಲಗಿಯಲ್ಲಿ ಒಂದು ಬೆಳಗ್ಗೆ ನನಗೆ ಹಚ್ಚಿ ಕಳಿಸಿದ್ದು. ಅಕ್ಕನೊಂದಿಗೆ ಜಗಳವಿಲ್ಲ. ಅವಳ ಮನೆಗೆ ಹೋದರೆ ಡಬ್ಬಿಗಳು ಗಾಜಿನ ಕಪಾಟಿನಲ್ಲಿ ಕಾಣುತ್ತವೆ. ಮೊಮ್ಮಕ್ಕಳಿಗೆ ಅವಳು ಮಾಡಿದ ಬಗೆಯನ್ನೆಲ್ಲ ಬಿಡಿಬಿಡಿಸಿ ಹೇಳುತ್ತಾಳೆ, ಒಂದೂ ತಪ್ಪದೆ. ನಾನು ಚಹಾ ಕುಡಿಯುತ್ತೇನೆ. ಖರೇ ಸಂಗತಿ ಅಪ್ಪನಿಗೂ ನನಗೂ ಗೊತ್ತಿದೆಯಲ್ಲ, ಯಾವತ್ತಾದರೂ ಅವನ ಬಾಯಿಂದ ಆ ಒಂದು ಮಾತು ಬಂದೀತು ಎಂದು ಕಾಯುತ್ತಲೇ ಇದ್ದೆ.

ಅವ್ವ ಹೋದಮೇಲೆ ಅಪ್ಪ ನನ್ನ ಮನೆಗೇ ಬಂದ. ಅಕ್ಕ ಕರೆದರೂ ಅಲ್ಲಿಗೆ ಹೋಗಲಿಲ್ಲ; ಹಾವೇರಿಯ ನೀರು ಸೇರುತ್ತದೆ ಅಂದ. ಕೊನೆಯ ತನಕ ಅವನ ನೆನಪು ಗಟ್ಟಿಯಾಗಿತ್ತು. ಮೋಟೆಬೆನ್ನೂರಿನ ಯಾವ ಹೊಲದ ಕಾಯಿಗೆ ಎಂಥ ಬಣ್ಣ ಇತ್ತು, ಶೆಡ್ಡಿನಲ್ಲಿ ಸೀಲು ಹಾಕುವವನು ಎಡಗೈಯವನೋ ಬಲಗೈಯವನೋ, ಎಲ್ಲ ಹೇಳುತ್ತಿದ್ದ. ಒಂದು ರವಿವಾರ ಊಟವಾದಮೇಲೆ ಇಬ್ಬರೇ ಕೂತಿದ್ದೆವು. ವಯಸ್ಸು ಇಬ್ಬರಿಗೂ ಆಗಿತ್ತು. ಇನ್ನು ಕಾಯುವುದು ಸಾಕೆನಿಸಿತು.

‘ಅಪ್ಪಾ, ಆ ಗೂಡ್ಸ್ ಡಬ್ಬಿ ಯಾರು ಮಾಡಿದ್ರು? ಮಂದೀ ಮುಂದಿನ ಮಾತು ಬ್ಯಾಡ. ಇಲ್ಲಿ ನಾವಿಬ್ಬರ ಇದ್ದೇವಿ.’

ಅಪ್ಪನ ಮುಖ ಅರಳಿತು.

‘ಯಾರು ಅಂದ್ರ? ನಾನೂ ಗಿರಿಜೀನೂ. ಅಕಿ ಕೈ ಏನ್ ಕೈ ಅಂತಿ! ಅಂಟು ಹಚ್ಚೂ ಮುಂದ ಉಸಿರು ಬಿಗಿಹಿಡದು ಕುಂದರತಿದ್ಲು. ಕೂಡಿತು ಅಂದಕೂಡ್ಲೆ ಹುಶ್ಶ್ ಅಂತ ಬಿಡತಿದ್ಲು. ನೀ ಮೀನಾಗಿ ಹುಟ್ಟಬೇಕಾಗಿತ್ತವಾ ಅಂತ ನಾ ನಗತಿದ್ದೆ.’

ಆ ಮೀನು ನಾನು. ಆ ಮಾತನ್ನು ಅವನು ನನಗೆ ಮಾತ್ರ ಅಂದದ್ದು. ಅಕ್ಕ ಕಲಿಯಲು ಕೂತ ಮಧ್ಯಾಹ್ನಗಳಲ್ಲಿ ನಾನು ಅಡಿಗೆಮನೆಯಿಂದ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದ್ದೇನೆ, ಅದು ಅಲ್ಲಿ ಬಂದಿರಲಿಲ್ಲ. ಅವನ ಮುಖವನ್ನು ದಿಟ್ಟಿಸಿ ನೋಡಿದೆ. ಅವನು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಮಂಟಪದಲ್ಲಿ ಹೇಳಿದಾಗ ಅವನಿಗೆ ಅದು ಸುಳ್ಳೆಂದು ಗೊತ್ತಿತ್ತು, ಈಗ ಗೊತ್ತಿರಲಿಲ್ಲ.

‘ಆವಾಗ ನಾ ಎಲ್ಲಿರತಿದ್ದೆ ಅಪ್ಪಾ?’

ಅವನು ಪ್ರಾಮಾಣಿಕವಾಗಿ ಯೋಚನೆ ಮಾಡಿದ.

‘ನೀ ಸಣ್ಣಾಕಿ. ಒಳಗ ಅವ್ವನ ಕೂಡ ಇರತಿದ್ದಿ.’

‘ನಿನ್ನ ಬಾಜೂಕ ಇದ್ದೆ.’

ಅಪ್ಪ ನನ್ನ ಕೈ ಹಿಡಿದು, ಹಟ ಮಾಡುವ ಮಗುವಿಗೆ ತಿಳಿಹೇಳುವಂತೆ ಮೆಲ್ಲಗೆ ಅಂದ:

‘ಇಲ್ಲವಾ. ಬಾಜೂಕ ಅಕಿ ಇದ್ಲು.’